ಗಂಧ ಹಚ್ಚಿದ ಸಿರಿಂಜು

ಮನೆಯಲ್ಲೇ ಬೆಣ್ಣೆ ತೆಗೆಯುವವರಿಗೆ ನಾನು ಹೇಳುವುದು ಬೇಗ ತಿಳಿಯುತ್ತದೆ. ಕೆನೆ ಕೂಡಿಡುತ್ತ ಎರಡು ದಿನ ಹೆಚ್ಚು ಮರೆತರೆ ಬೆಣ್ಣೆಗೆ ಒಂಥರಾ ಕಮಟು ಬರುತ್ತದೆ. ಇವತ್ತು ಬೆಳಿಗ್ಗೆ ಕಾಯಿಸುವ ಮುಂಚೆ ಮೂಸಿದೆ. ಅನುಮಾನ ಬಂತು. ನಮ್ಮ ಯಜಮಾನರನ್ನು ಕರೆದೆ. ಅವರು ಟವಲಿನಲ್ಲಿ ಮೂಗು ಒರೆಸಿಕೊಳ್ಳುತ್ತ ಬಂದು, ಬಗ್ಗಿ ಮೂಸಿ, "ಏನೂ ಇಲ್ವಲ್ಲೇ. ಕಾಯ್ಸು, ಕಾಯ್ಸು" ಎಂದು ತೀರ್ಪು ಕೊಟ್ಟು ಪೇಪರಿಗೆ ಹಿಂತಿರುಗಿದರು. ನಾನೂ ಒಲೆ ಹಚ್ಚಿದೆ.

ಬಿಸಿಯಾಗುತ್ತಿದ್ದಂತೆ ಆ ವಾಸನೆ ಎದ್ದಿತು. ಅದಕ್ಕೊಂದು ಹೆಸರುಂಟು, ಬ್ಯುಟಿರಿಕ್ ಆಸಿಡ್. ಎಂಬತ್ತರ ದಶಕದಲ್ಲಿ ಜಯನಗರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ ಕಲಿತ ಹೆಸರು. ಹೆಸರಿಗಿಂತ ಮುಂಚೆ ವಾಸನೆಯನ್ನು ಕಲಿಸಿದವರು ಕಮಲಮ್ಮ.

ಕಮಲಮ್ಮ ನಮ್ಮ ಹಿರಿಯ ಟೆಕ್ನೀಷಿಯನ್. ಸಿದ್ದಾಪುರದಿಂದ ನಡೆದೇ ಬರುತ್ತಿದ್ದರು, ಕೈಯಲ್ಲಿ ಕೊಡೆ, ಮಳೆಯಿದ್ದರೂ ಇಲ್ಲದಿದ್ದರೂ. ಕೀವಿನ ಟ್ಯೂಬು ಬಂದರೆ ಮುಚ್ಚಳ ತೆಗೆದು, ಒಗ್ಗರಣೆ ಹದ ನೋಡುವವರಂತೆ ದೂರದಿಂದಲೇ ಕೈಬೀಸಿ ಮೂಸುತ್ತಿದ್ದರು. "ಇದು ಗಾಳಿಗೆ ಆಗದ ಜಾತಿ ಕಣೇ. ಬೆಣ್ಣೆ ಹಳಸಿದೆ ನೋಡು" ಎನ್ನುವರು. ಗಾಳಿ ತಗಲಿದರೆ ಬದುಕದ ಬ್ಯಾಕ್ಟೀರಿಯಾಗಳಿವೆ. ತಟ್ಟೆಯಲ್ಲಿ ಬೆಳೆಸಿ ಗುರುತು ಹಿಡಿಯಲು ದಿನಗಟ್ಟಲೆ ಬೇಕು. ಕಮಲಮ್ಮನ ಮೂಗಿಗೆ ಒಂದು ಉಸಿರು ಸಾಕಿತ್ತು. ಆದರೆ ಮೂಗನ್ನು ರಿಪೋರ್ಟಿನಲ್ಲಿ ಬರೆಯುವುದು ಹೇಗೆ?

ಆ ತಾಪತ್ರಯಕ್ಕೇ ಗ್ಯಾಸ್ ಕ್ರೊಮಾಟೊಗ್ರಾಫ್ ಬಂತು. ಬೂದು ಬಣ್ಣದ ಪೆಟ್ಟಿಗೆ, ಪಕ್ಕದಲ್ಲಿ ಆಳೆತ್ತರದ ಗ್ಯಾಸ್ ಸಿಲಿಂಡರುಗಳು. ಕೀವನ್ನು ಈಥರಿನಲ್ಲಿ ಕುಲುಕಿ, ಅದರಲ್ಲಿ ಸಾಸಿವೆಗಿಂತ ಕಡಿಮೆ ತೆಗೆದು ಸಿರಿಂಜಿನಿಂದ ಚುಚ್ಚಬೇಕು. ಒಳಗೆ ಬಿಸಿಯಾದ ಉದ್ದನೆಯ ಕೊಳವೆ. ಬ್ಯಾಕ್ಟೀರಿಯಾ ಬಿಟ್ಟುಹೋದ ಆಸಿಡ್‌ಗಳು ಆವಿಯಾಗಿ, ಬಸ್ಸಿನಿಂದ ಜನ ಇಳಿದಂತೆ, ಒಂದೊಂದಾಗಿ ಹೊರಬರುತ್ತವೆ. ಒಂದೊಂದು ಬಂದಾಗಲೂ ಪೆನ್ನು ಕಾಗದದ ಮೇಲೆ ಒಂದು ಗುಡ್ಡ ಬರೆಯುತ್ತದೆ. ಯಾರು ಎಷ್ಟು ಹೊತ್ತಿಗೆ ಇಳಿದರೆಂದು ಸ್ಕೇಲಿಟ್ಟು ಅಳೆದರೆ ಗುರುತು ಸಿಕ್ಕಿತು. ಪೂರ್ತಿ ಕುಲಗೋತ್ರಕ್ಕೆ ಬೆಳೆಸಲೇಬೇಕು. ಆದರೆ ಗಾಳಿಗಾಗದವು ಒಳಗಿವೆಯೇ ಎಂಬುದು ಒಂದು ಗಂಟೆಯಲ್ಲಿ ತಿಳಿಯುತ್ತಿತ್ತು.

ಅದನ್ನು ನಡೆಸಲು ಕಲಿತದ್ದು ನಾನು. ಹಾಗಾಗಿ ಸ್ವಲ್ಪ ಕೊಬ್ಬು. "ಕಮಲಮ್ಮೋರೇ, ಇನ್ಮೇಲೆ ಮೆಷಿನ್ನೇ ಮೂಸತ್ತೆ, ನೀವು ಆರಾಮಾಗಿರಿ" ಎಂದಿದ್ದೆ, ನಾಲ್ಕು ಜನರ ಮುಂದೆ. ಅವರು ನಕ್ಕು, "ಅದಕ್ಕೆ ನೆಗಡಿ ಆಗಲ್ವೇನೇ?" ಎಂದರು. ಉಳಿದವರೂ ನಕ್ಕರು. ನಾನು ನಗಲಿಲ್ಲ.

ಆ ವರ್ಷದ ಆಯುಧಪೂಜೆ ದಿನ ಮೆಷಿನ್ನಿಗೆ ಸೇವಂತಿಗೆ ಹಾರ ಹಾಕಿದೆವು. ಸೂಕ್ಷ್ಮದರ್ಶಕಕ್ಕೆ ಕುಂಕುಮ, ತಕ್ಕಡಿಗೆ ಕುಂಕುಮ. ನಮ್ಮ ನಿಜವಾದ ಆಯುಧ ಸಿರಿಂಜಲ್ಲವೇ ಎಂದು ಅದರ ಸೂಜಿಯ ತುದಿಗೆ ತೇದ ಗಂಧ ಹಚ್ಚಿದವಳು ನಾನು. ಆಮೇಲೆ ಪುರಿ ಕಡ್ಲೆ ತಿಂದು ಮನೆಗೆ ಹೋದೆವು.

ಮಾರನೆಯ ದಿನ ವಿಜಯದಶಮಿ, ರಜೆ. ಡ್ಯೂಟಿಯಲ್ಲಿ ನಾನು, ಕಮಲಮ್ಮ ಇಬ್ಬರೇ. ತಿಲಕ್ ನಗರದ ಒಬ್ಬ ಹೆಂಗಸಿನ ಹೊಟ್ಟೆಯ ಕೀವು ಬಂತು. ಅಪೆಂಡಿಕ್ಸ್ ಆಪರೇಷನ್ ಆಗಿ ಐದು ದಿನ, ಜ್ವರ ಇಳಿದಿಲ್ಲ, ಕೈಕಾಲು ತಣ್ಣಗಾಗುತ್ತಿವೆ. ಗಾಳಿಗಾಗದವು ಇವೆ ಎಂದರೆ ಡಾಕ್ಟರು ಔಷಧ ಬದಲಿಸುತ್ತಾರೆ. ಇಲ್ಲವೆಂದರೆ ಕೊಡುತ್ತಿದ್ದದ್ದೇ ಮುಂದುವರಿಯುತ್ತದೆ. ಅವಳ ಗಂಡ ಟೈಲರ್. ಅಳತೆ ಟೇಪನ್ನು ಕೊರಳಲ್ಲೇ ಮರೆತು ಬಂದು ಬಾಗಿಲಲ್ಲಿ ನಿಂತಿದ್ದ.

ಚುಚ್ಚಿದೆ. ಪೆನ್ನು ನೆಟ್ಟಗೆ ಗೆರೆ ಎಳೆಯಿತು. ಒಂದು ಗುಡ್ಡವಿಲ್ಲ, ಒಂದು ತಿಟ್ಟಿಲ್ಲ. ಇಷ್ಟು ಚೊಕ್ಕಟವಾದ ಕಾಗದ ನಾನು ಕಂಡೇ ಇರಲಿಲ್ಲ.

"ಮೆಷಿನ್ ಏನಂತು ಮೇಡಂ?" ಎಂದ ಅವನು.

"ಏನೂ ಇಲ್ಲಪ್ಪ, ಒಳ್ಳೇದೇ ಆಯ್ತು" ಎಂದು ರಿಪೋರ್ಟ್ ಬರೆದು, ಸಹಿಗೆ ಕಮಲಮ್ಮನ ಮುಂದಿಟ್ಟೆ.

ಅವರು ಸಹಿ ಹಾಕಲಿಲ್ಲ. ಎದ್ದು ಹೋಗಿ ಉಳಿದ ಕೀವಿನ ಟ್ಯೂಬು ತೆರೆದು ಕೈಬೀಸಿದರು. ಆಮೇಲೆ ಪೆನ್ನು ಗೆರೆ ಎಳೆದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಆಸಿಡ್ ಇಲ್ಲ ಅಂತೀಯ, ಸರಿ. ಈಥರ್ ಎಲ್ಲೇ?"

ಈಥರಿನಲ್ಲಿ ಕುಲುಕಿ ಹಾಕಿದ ಮೇಲೆ, ಮೊದಲಿಗೆ ಈಥರಿನದೇ ಒಂದು ಬೆಟ್ಟ ಕಾಗದದ ಅಂಚಿನವರೆಗೆ ಏಳಬೇಕು, ಕೀವು ಎಷ್ಟೇ ನಿರ್ದೋಷಿಯಾಗಿರಲಿ. ಅದೂ ಇಲ್ಲವೆಂದರೆ ಒಳಗೆ ಏನೂ ಹೋಗೇ ಇಲ್ಲ. ಸಿರಿಂಜು ಎತ್ತಿ ನೋಡಿದೆ. ಕೂದಲೆಳೆಯ ಸೂಜಿ, ತುದಿಯಲ್ಲಿ ಒಣಗಿದ ಗಂಧ, ತೂತು ಮುಚ್ಚಿಹೋಗಿತ್ತು. ಆ ಸಿರಿಂಜಿನಲ್ಲಿ ದ್ರವ ಸೂಜಿಯೊಳಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಖಾಲಿ ಸೂಜಿಯನ್ನು ಭಕ್ತಿಯಿಂದ ಚುಚ್ಚಿದ್ದೆ.

"ಹೋಗ್ಲಿ, ಅಳೋಕೆ ಆಮೇಲೆ ಟೈಮಿದೆ. ಸೂಜಿ ತೂತಿಗೆ ತಂತಿ ಹಾಕು, ತೊಳಿ. ಮೊದ್ಲು ಬರೀ ಈಥರ್ ಬಿಡು. ಅದು ಬಾಯಿ ಬಿಡ್ಲಿ, ಆಮೇಲೆ ಸಾಕ್ಷಿ ಕೇಳು" ಎಂದರು.

ಬರೀ ಈಥರ್ ಬಿಟ್ಟಾಗ ಬೆಟ್ಟ ಎದ್ದಿತು. ಆಮೇಲೆ ಕೀವು. ಬೆಟ್ಟ ಇಳಿದು, ಅಸಿಟಿಕ್, ಪ್ರೊಪಿಯಾನಿಕ್, ಕೊನೆಗೆ ಸ್ಕೇಲಿಟ್ಟ ಜಾಗದಲ್ಲೇ ಬ್ಯುಟಿರಿಕ್, ಬಸವನ ಡುಬ್ಬದಂತೆ. ಕಮಲಮ್ಮ ಅದರತ್ತ ನೋಡಲೂ ಇಲ್ಲ, ಆಗಲೇ ಡಾಕ್ಟರಿಗೆ ಫೋನ್ ಮಾಡುತ್ತಿದ್ದರು. ನಾನು ಬಾಗಿಲಿಗೆ ಹೋಗಿ, "ಮೊದಲು ಹೇಳಿದ್ದು ತಪ್ಪು. ನನ್ನದೇ ತಪ್ಪು. ಔಷಧಿ ಬದಲಾಯಿಸ್ತಾರೆ, ನೀವು ಓಡಿ" ಎಂದೆ. ಅವನು ಬೈಯಲಿಲ್ಲ. ಓಡಿದ.

ನಮ್ಮ ಕೆಲಸದಲ್ಲಿ ಟ್ಯೂಬುಗಳ ಮುಖ ನೋಡುತ್ತೇವೆ, ಮನುಷ್ಯರದ್ದಲ್ಲ. ಆದರೆ ದೀಪಾವಳಿ ಕಳೆದ ಮೇಲೆ ಆ ಹೆಂಗಸೇ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದಳು. ಗಂಡ ಹೊಲಿದದ್ದೆಂದು ಎರಡು ರವಿಕೆ ಕೊಟ್ಟಳು. ನನ್ನದು ಬಿಗಿಯಾಗಿತ್ತು. ಆದರೂ ಹರಿಯುವವರೆಗೆ ಹಾಕಿಕೊಂಡೆ. ಕಮಲಮ್ಮ ಆ ದಿನದ ಸುದ್ದಿಯನ್ನು ನಿವೃತ್ತರಾಗುವವರೆಗೆ ಯಾರಿಗೂ ಹೇಳಲಿಲ್ಲ. ಮುಂದಿನ ಆಯುಧಪೂಜೆಗೆ ಮಾತ್ರ ಸಿರಿಂಜನ್ನು ಡಬ್ಬಿಯಲ್ಲಿಟ್ಟು, ಡಬ್ಬಿಗೆ ಕುಂಕುಮ ಇಟ್ಟರು.

ಇಷ್ಟೆಲ್ಲ ನೆನಪಾಗುವ ಹೊತ್ತಿಗೆ ಬೆಣ್ಣೆ ಅರ್ಧ ಕರಗಿತ್ತು. ನನ್ನ ಮೂಗು ಒಂದು ಹೇಳುತ್ತಿತ್ತು, ಯಜಮಾನರ ತೀರ್ಪು ಇನ್ನೊಂದು. ಒಲೆ ಸಣ್ಣ ಮಾಡಿ, ಇಂಗಿನ ಡಬ್ಬಿ ತೆಗೆದುಕೊಂಡು ಹೋಗಿ, ಮುಚ್ಚಳ ತೆಗೆದು ಅವರ ಮೂಗಿನ ಕೆಳಗೆ ಹಿಡಿದೆ.

"ಮೂಸಿ."

ಅವರು ಪೇಪರಿನಿಂದ ಕಣ್ಣೆತ್ತದೆ, ಶ್ರದ್ಧೆಯಿಂದ ಎರಡು ಸಲ ಮೂಸಿದರು. "ಖಾಲಿ ಡಬ್ಬಿ ಯಾಕೆ ತಂದಿದ್ದೀಯೇ?"

ಒಳಗೆ ಬಂದು ಒಲೆ ಆರಿಸಿದೆ.