ಗುಂಡಿ ಹಚ್ಚುವ ಕೆಲಸ

ಸೂಜಿ ಬೆರಳೊಳಗೆ ಮುರಿದಿತ್ತು. ನನ್ನ ಮಗಳು ರೂಪಾಳಿಗೆ ಅದರ ಅರಿವೇ ಇರಲಿಲ್ಲ.

ಕಾಗವಾಡದ ಒಂದು ಸಣ್ಣ ಗಾರ್ಮೆಂಟ್ಸಿನಲ್ಲಿ ಅವಳು ಶರ್ಟು ಹೊಲಿಯುತ್ತಿದ್ದಳು. ವಯಸ್ಸು ಇಪ್ಪತ್ತೆರಡು. ಮಶೀನಿನ ಮುಂದೆ ಕೂತಿದ್ದಾಗಲೇ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವಂತೆ, ಕೈಕಾಲು ಬಡಿದುಕೊಂಡವಂತೆ. ನಾನು ನಮ್ಮೂರು ಶೇಡಬಾಳದಿಂದ ಟಂಟಂ ಆಟೋ ಹಿಡಿದು ಹೋಗುವಷ್ಟರಲ್ಲಿ ಅವಳನ್ನು ಬಟ್ಟೆಯ ಗಂಟಿಗೆ ಒರಗಿಸಿ ಕೂರಿಸಿದ್ದರು.

"ಯವ್ವಾ, ನಾ ಏನ ಮಾಡೀನಿ?" ಎಂದು ಕೇಳಿದಳು. ತಪ್ಪು ಮಾಡಿ ಸಿಕ್ಕಿಬಿದ್ದವರ ದನಿ.

ಮಿರಜಿನಲ್ಲಿ ಇಇಜಿ, ಎಂಆರ್‌ಐ ಎರಡೂ ಆದವು. ಡಾಕ್ಟರು ಎಪಿಲೆಪ್ಸಿ, ಅಂದರೆ ಮೂರ್ಛೆರೋಗ ಎಂದರು. "ಗುಳಿಗಿ ಒಂದ ದಿನಾನೂ ತಪ್ಪಸಬ್ಯಾಡ್ರಿ. ಹತೋಟಿಗಿ ಬರತೈತಿ. ಮಶೀನ್ ಮಾತ್ರ ಸದ್ಯಕ್ಕ ಬ್ಯಾಡವಾ."

ಆ ಕೊನೆಯ ಮಾತಿಗೆ ಅವಳು ಅತ್ತಳು.

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಎರಡು ತಿಂಗಳ ನಂತರ ಅಥಣಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಹೋಗುವ ಮುಂಚೆ ನಾನೇ ತಾಕೀತು ಮಾಡಿದೆ. "ಫಿಟ್ಸ್ ಬರ್ತಾವಂತ ಯಾರ ಮುಂದೂ ಅನಬ್ಯಾಡ. ನಾಳೆ ನಿನ್ನ ನೋಡಾಕ ಬರೋ ಗಂಡಿನ ಕಡಿಯವ್ರ ಕಿವಿಗಿ ಬೀಳತೈತಿ." ಅವಳು ಯಾರಿಗೂ ಹೇಳಲಿಲ್ಲ. ಬೇರೆಯವರ ಕಣ್ಣಿಗೆ ಬೀಳಬಾರದೆಂದು ಮಧ್ಯಾಹ್ನದ ಗುಳಿಗೆಯನ್ನೂ ಬಿಡತೊಡಗಿದ್ದಳು. ಅದು ನನಗೆ ಆಮೇಲೆ ಗೊತ್ತಾಯಿತು.

ಒಂದು ದಿನ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಬಿದ್ದಳು.

ಏನಾಗುತ್ತಿದೆ ಎಂದು ತಿಳಿಯದ ಜನ ಮುಷ್ಟಿಯಲ್ಲಿ ಕೀಲಿಗೊಂಚಲು ಹಿಡಿಸಿದರು, ಮೂಗಿಗೆ ಚಪ್ಪಲಿ ಹಿಡಿದರು, ಹಲ್ಲುಗಳ ನಡುವೆ ಚಮಚ ತುರುಕಿದರು. ಮುಂದಿನ ಹಲ್ಲೊಂದು ಮುರಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಏನು ಮಾಡಬೇಕೆಂದು ಮೊದಲೇ ತಿಳಿಸಬೇಕಾದವಳು ನಾನು. ನಾನೇ ಮಗಳ ಬಾಯಿ ಮುಚ್ಚಿಸಿ ಕಳಿಸಿದ್ದೆ. "ಪೂರಾ ಆರಾಮ ಆದಮ್ಯಾಲೆ ಬರ್ಲಿ" ಎಂದರು ಅಂಗಡಿಯವರು. ಹಾಗೆಂದರೇನೆಂದು ನಮಗೆ ಗೊತ್ತಿತ್ತು.

ಆಮೇಲೆ ಐದು ತಿಂಗಳು ರೂಪಾ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ಒಲೆ ಹಚ್ಚಲು ಬಿಡುತ್ತಿರಲಿಲ್ಲ, ಬಚ್ಚಲಿನ ಚಿಲಕ ಹಾಕಲು ಬಿಡುತ್ತಿರಲಿಲ್ಲ. "ಇಲ್ಲ್ಯರ ನನ್ನ ಒಬ್ಬಾಕಿನ್ನ ಬಿಡ ಬೇ," ಎಂದಳೊಮ್ಮೆ ಬಚ್ಚಲಿನ ಒಳಗಿನಿಂದ. ಹೊರಗೆ ನಿಂತಿದ್ದ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಉಗಾರದಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಸುವ ಶಕೀಲಾಬಾನು ಎಂಬವರಿದ್ದಾರೆ. ಅವರ ಹತ್ತಿರ ಐದು ಜನ ಹೆಂಗಸರು ದುಡಿಯುತ್ತಾರೆ. ಕೆಲಸ ಕೇಳಲು ರೂಪಾಳನ್ನು ಕರೆದುಕೊಂಡು ಅವರ ಹತ್ತಿರ ಹೋದೆ. ಈ ಸಲ ಡಾಕ್ಟರ ಚೀಟಿ ಮುಂದಿಟ್ಟು ಎಲ್ಲ ಹೇಳಿದೆ.

ಅವರು ಚೀಟಿ ಓದಲಿಲ್ಲ. "ಬಂದಾಗ ನಾವೇನ ಮಾಡಬೇಕ್ರಿ, ಅದನ್ನ ಹೇಳ್ರಿ," ಎಂದರು.

ರೂಪಾಳೇ ಹೇಳಿದಳು. "ಮಗ್ಗಲಾಗಿ ಮಲಗಸ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ. ಗಡಿಯಾರ ನೋಡ್ರಿ. ಐದ ಮಿನಿಟ ದಾಟಿದ್ರ ದವಾಖಾನಿಗಿ ಒಯ್ರಿ."

ಮಶೀನುಗಳಿಂದ ದೂರ ಒಂದು ಚಾಪೆ ಹಾಸಿಕೊಟ್ಟರು. ಗುಂಡಿ ಹಚ್ಚುವುದು, ಅಂಚಿಗೆ ಕೈಹೊಲಿಗೆ ಹಾಕುವುದು ಅವಳ ಕೆಲಸ. ಕಾಲರು ಕೂರಿಸುವುದರಲ್ಲಿ ಹೆಸರು ಮಾಡಿದ್ದ ಹುಡುಗಿ ಗುಂಡಿ ಹಚ್ಚುತ್ತ ಕೂತಳು. ಮೊದಮೊದಲು ಬೇರೆಯವರ ಮಶೀನ್ ಸದ್ದಿಗೆ ಅವಳ ಪಾದ ತಾನಾಗಿಯೇ ಅಲುಗುತ್ತಿತ್ತಂತೆ. ಇದನ್ನು ನನಗೆ ಹೇಳಿದ್ದು ಶಕೀಲಾಬಾನು.

ಮೂರನೆಯ ತಿಂಗಳು ಅಲ್ಲಿಂದ ಫೋನ್ ಬಂತು.

ನಾನು ಹೋದಾಗ ರೂಪಾ ಮಗ್ಗುಲಾಗಿ ಮಲಗಿದ್ದಳು. ತಲೆಯ ಕೆಳಗೆ ಮಡಚಿದ ಬಟ್ಟೆ ಇತ್ತು. "ಎರಡ ಮಿನಿಟಿನ್ಯಾಗ ನಿಂತತ್ರಿ," ಎಂದರು ಶಕೀಲಾಬಾನು. ಅವರ ಮುಖ ಬಿಳಿಚಿತ್ತು. ಸ್ವಲ್ಪ ಹೊತ್ತಿಗೆ ಮಗಳು ಎದ್ದು ಕುಳಿತಳು. ಯಾರ ಮುಖವನ್ನೂ ನೋಡದೆ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಕತ್ತರಿ, ದಾರದ ಉಂಡೆ ಎತ್ತಿ ಅವರ ಮುಂದಿಟ್ಟಳು.

"ಅದನ್ನ್ಯಾಕ ಕೊಡ್ತೀ? ಇವತ್ತ ಮನಿಗಿ ಹೋಗಿ ಮಲಕೊ. ನಾಳೆ ಹತ್ತಕ್ಕ ಬಾ."

ರೂಪಾ ಅವರನ್ನೇ ನೋಡುತ್ತ ಕುಳಿತಳು. ಕೇಳಿದ್ದು ಸರಿಯೋ ಇಲ್ಲವೋ ಎಂಬಂತೆ.

ರೋಗ ಹೋಗಿಲ್ಲ. ಡೋಸು ಹೆಚ್ಚಿದೆ, ಅವಳ ಮಾತು ನಿಧಾನವಾಗಿದೆ, ಕೆಲವು ಸಲ ಗೊತ್ತಿರುವ ಹೆಸರೇ ನೆನಪಾಗುವುದಿಲ್ಲ. ಆದರೂ ಆ ಮರುದಿನ ನನಗಿಂತ ಮೊದಲೇ ಎದ್ದು ತಲೆ ಬಾಚಿಕೊಂಡಿದ್ದಳು. ನಾನೂ ಬರುತ್ತೇನೆಂದೆ. "ಬ್ಯಾಡ," ಎಂದು ಬಸ್ಸು ಹತ್ತಿದಳು.

ಹೆದರಿಕೊಂಡೇ ಕಳಿಸಿದೆ. ಈಗಲೂ ದಿನಾ ಹೆದರಿಕೊಂಡೇ ಕಳಿಸುತ್ತೇನೆ.