ಪೆಟ್ಟಿಗೆ ಮಲಗಿಸಿದ ಜಿಪುಣಕ್ಕ

ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಅಂತ ಬಂದರಿನ ಜನ ಆಡಿಕೊಳ್ಳುತ್ತಿದ್ದದ್ದು ಒಬ್ಬಳನ್ನೇ. ಸಿಗ್ನಲ್ ರೂಮಿನಲ್ಲಿ ಕೆಲಸಕ್ಕಿದ್ದ ಆ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬಾಯಲ್ಲೆಲ್ಲ ಆಕೆ ಜಿಪುಣಕ್ಕ. ದುಡ್ಡು ಕೇಳಿದರೆ ಕೊಟ್ಟುಬಿಡುವಳು, ಅದರಲ್ಲಿ ಬಿಗಿಯಿಲ್ಲ. ಆದರೆ ನೀವು ಸೀನಲು ಎದ್ದು ಬಾಗಿಲ ತನಕ ಹೋದಿರೋ, ನಿಮ್ಮ ತಲೆಯ ಮೇಲಿನ ಫ್ಯಾನು ನಿಂತಿತು ಅಂತಲೇ ಲೆಕ್ಕ. ಎರಡು ಲೋಟ ಚಹಾಕ್ಕೆ ಎರಡೇ ಲೋಟ ನೀರು ಕುದಿಯಬೇಕು. ಉರಿಯುವುದು, ತಿರುಗುವುದು, ಕುದಿಯುವುದು ಯಾವುದೇ ಇರಲಿ, ಸುಮ್ಮನೆ ಆಗುತ್ತಿದ್ದರೆ ಆಕೆಗೆ ತಡೆಯದು.

ಸಿಗ್ನಲ್ ರೂಮು ಮೂರನೇ ಮಹಡಿಯಲ್ಲಿತ್ತು. ರೆಕ್ಸಿನ್ ಕಿತ್ತು ಬಂದ ಎರಡು ಕುರ್ಚಿ, ಒಂದು ಬೆಂಚು, ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿ, ಗೋಡೆಗೆ ದೊಡ್ಡದೊಂದು ಪರದೆ. ಆ ಬಂದರಿನ ಮುನ್ನೂರು ಚಿಲ್ಲರೆ ಬೋಟುಗಳ ಮಾಡಿನ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ ಒಂದೊಂದು. ಹತ್ತು ನಿಮಿಷಕ್ಕೊಮ್ಮೆ ಆ ಪೆಟ್ಟಿಗೆ ತನ್ನ ಪುಟ್ಟ ದೀಪ ಮಿನುಗಿಸಿ ತಾನಿರುವ ಜಾಗವನ್ನು ಆಕಾಶಕ್ಕೆ ಹೇಳುವುದು, ಆಕಾಶದ ಉಪಗ್ರಹ ಈ ರೂಮಿಗೆ ಹೇಳುವುದು, ಪರದೆಯ ಮೇಲೆ ಹಸಿರು ಚುಕ್ಕಿ ಮೂಡುವುದು. ಬೋಟಿನ ಕರೆಂಟು ಹೋದರೂ ಪೆಟ್ಟಿಗೆಗೆ ಅದರದೇ ಬ್ಯಾಟರಿ ಇತ್ತು.

ವರ್ಷಕ್ಕೆ ಎರಡು ತಿಂಗಳು ಬೋಟುಗಳನ್ನೆಲ್ಲ ದಡಕ್ಕೆ ಎಳೆದು ನಿಲ್ಲಿಸಿದಾಗ ಪೆಟ್ಟಿಗೆಗಳನ್ನು ಇಲ್ಲಿಂದಲೇ ಮಲಗಿಸಬೇಕು. ಇಲ್ಲವಾದರೆ ಬ್ಯಾಟರಿ ಸುಮ್ಮನೆ ತೀರುತ್ತದೆ. ಎಲ್ಲವನ್ನೂ ಒಟ್ಟಿಗೆ ಮಲಗಿಸಲು ಒಂದೇ ಗುಂಡಿ ಸಾಕು. ಜಿಪುಣಕ್ಕ ಹತ್ತು ವರ್ಷದಲ್ಲಿ ಅದನ್ನು ಒಂದು ಸಲವೂ ಮುಟ್ಟಿದವಳಲ್ಲ. ಒಂದೊಂದಕ್ಕೇ ಆಜ್ಞೆ ಕಳಿಸಿ, ‘ಆಯಿತು’ ಅಂತ ಅದು ಉತ್ತರ ಕೊಡುವ ತನಕ ಕಾದು, ಪುಸ್ತಕದಲ್ಲಿ ಗೀಟು ಹಾಕಿ, ಆಮೇಲೆ ಮುಂದಿನದು.

ರೂಮಿನ ಹಿರಿಯ ಆಪರೇಟರ್ ಒಬ್ಬರಿದ್ದರು. ಸೊಂಪಾದ ಮೀಸೆ, ಸೊಂಪಾದ ಮನಸ್ಸು, ಯಾರಿಗೂ ಇಲ್ಲ ಅಂದು ಗೊತ್ತಿಲ್ಲದ ಬಾಯಿ. ಬಂದರಿಗೆಲ್ಲ ಅವರು ಮಾವ.

“ಏನಮ್ಮಾ, ಒಂದೊಂದಕ್ಕೂ ಜೋಗುಳ ಹಾಡ್ತಾ ಇದ್ದೀಯಾ?” ಅಂತ ಮಾವ ಕಿಚಾಯಿಸುವರು.

“ಇಲ್ಲಿಂದ ಒತ್ತಿದ್ದು ಆಕಾಶಕ್ಕೆ ಹೋಗಿ, ಇಳಿದು ಬಂದು, ಅದೆಲ್ಲೋ ಇರೋ ಪೆಟ್ಟಿಗೆ ಕಣ್ಣು ಮುಚ್ಚುತ್ತಲ್ಲ ಮಾವ! ನಮ್ಮನೇಲಿ ಪಕ್ಕದ ಕೋಣೇಲಿರೋ ಗಂಡನ್ನ ಕೂಗಿದ್ರೂ ಕೇಳಲ್ಲ. ಇಂಥಾ ಮಾತು ಕೇಳೋ ಜೀವಕ್ಕೆ ಒಂದು ಕ್ಷಣ ಕಾಯೋಕೇನು?”

ಹತ್ತು ವರ್ಷವಾದರೂ ಆ ಬೆರಗು ಆಕೆಗೆ ಹಳತಾಗಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಸಂಜೆ ಬಿರುಗಾಳಿ ಎದ್ದಿತು. ಹೋದ ಬೋಟುಗಳೆಲ್ಲ ಬಿದ್ದು ಎದ್ದು ವಾಪಸ್ಸು ಬಂದವು, ಒಂದನ್ನು ಬಿಟ್ಟು. ಅದರ ಎಂಜಿನ್ನಿಗೆ ನೀರು ನುಗ್ಗಿತ್ತು. ಕರೆಂಟು ಹೋಯಿತು, ವೈರ್‌ಲೆಸ್ಸಿನ ಮಾತು ನಿಂತಿತು. ಪೆಟ್ಟಿಗೆಯೊಂದೇ ‘ಇಲ್ಲಿದ್ದೀನಿ, ಇಲ್ಲಿದ್ದೀನಿ’ ಅನ್ನುತ್ತ, ಬೋಟಿನ ಜೊತೆ ತಾನೂ ನಡುಗಡಲಿನ ಕಡೆಗೆ ತೇಲಿ ಹೋಗುತ್ತಿತ್ತು. ಬೋಟಿನಲ್ಲಿ ಐದು ಜನ. ಎಂಜಿನ್ ನೋಡಿಕೊಳ್ಳುವವನು ಜಿಪುಣಕ್ಕನ ತಂಗಿಯ ಗಂಡ.

ಸೋಮವಾರ ರಜೆ ಹಾಕಿ ಜಿಪುಣಕ್ಕ ತಂಗಿಯ ಮನೆಯಲ್ಲೇ ಇದ್ದಳು. ಮಂಗಳವಾರ ಬೆಳಿಗ್ಗೆ ತಂಗಿಯನ್ನೂ ಕರೆದುಕೊಂಡು ಕೆಲಸಕ್ಕೆ ಬಂದಳು. ದೂರದಿಂದ ಒಂದು ರಕ್ಷಣಾ ಹಡಗು ಹೊರಟಿತ್ತು. ಅದು ಆ ಜಾಗ ಮುಟ್ಟುವುದು ಶುಕ್ರವಾರ ಸಂಜೆಗೆ. ಅಲ್ಲಿಯ ತನಕ ಪೆಟ್ಟಿಗೆ ಬದುಕಿರಬೇಕು. ಪೆಟ್ಟಿಗೆ ಸತ್ತರೆ ಅಷ್ಟು ದೊಡ್ಡ ನೀರಿನಲ್ಲಿ ಒಂದು ಬೋಟನ್ನು ಎಲ್ಲಿ ಅಂತ ಹುಡುಕುವುದು?

ಜಿಪುಣಕ್ಕ ಬ್ಯಾಟರಿಯ ಅಂಕಿ ನೋಡಿದಳು. ನೂರಕ್ಕೆ ಮೂವತ್ತೊಂದು.

“ಮಾವ, ಒಂದೂವರೆ ದಿನಕ್ಕೆ ಇಷ್ಟು ಹ್ಯಾಗೆ ಇಳೀತು? ಅರವತ್ತರ ಮೇಲಿರಬೇಕಿತ್ತಲ್ಲ!”

ಮಾವ ಮೀಸೆ ಉಜ್ಜಿಕೊಂಡರು. ಆಕೆ ದಾಖಲೆ ತೆಗೆದಳು. ಹತ್ತು ನಿಮಿಷದ ಲೆಕ್ಕ ಹಾಗಿರಲಿ, ‘ಎಲ್ಲಿದ್ದೀಯ?’ ಅಂತ ಇಲ್ಲಿಂದಲೇ ಪೆಟ್ಟಿಗೆಯನ್ನು ಕೇಳಿದ್ದು ಇನ್ನೂರ ಹದಿನಾಲ್ಕು ಸಲ. ಕೇಳಿದಾಗಲೆಲ್ಲ ಅದು ಆಕಾಶ ಹುಡುಕಿ ಉತ್ತರ ಕೊಡಬೇಕು. ಒಂದೊಂದು ಉತ್ತರಕ್ಕೂ ಒಂದು ಗುಟುಕು ಚಾರ್ಜು.

“ಬಂದೋರು ಅಳ್ತಾ ಬರ್ತಾರಮ್ಮ,” ಅಂದರು ಮಾವ ಸಣ್ಣ ದನಿಯಲ್ಲಿ. “ಒಬ್ರ ತಾಯಿ ಬಂದ್ರು, ಈಗ ಎಲ್ಲಿದ್ದಾನೆ ನೋಡಿ ಅಂದ್ರು, ಒತ್ತಿದೆ. ಇನ್ನೊಬ್ರ ಅಣ್ಣ ಬಂದ, ಒತ್ತಿದೆ. ಚುಕ್ಕಿ ಮಿನುಗಿದ್ರೆ ಅವರ ಮುಖ ಬೆಳಗ್ತಿತ್ತು. ಇಲ್ಲ ಅನ್ನೋಕೆ ನಾಲಿಗೆ ಹ್ಯಾಗೆ ಹೊರಳುತ್ತೆ?”

ಬೈಯಬೇಕೆಂದು ಬಾಯಿ ತೆರೆದವಳು ಆ ಮುಖ ನೋಡಿ ಪರದೆಯ ಕಡೆ ತಿರುಗಿದಳು. ಕರುಣೆಯೇ ಬ್ಯಾಟರಿಯನ್ನು ಕುಡಿದು ಹಾಕಿತ್ತು. ಯಾರನ್ನು ಬೈಯುವುದು?

“ಮಲಗಿಸ್ತೀನಿ,” ಅಂದಳು.

ಬೆಂಚಿನ ಮೇಲಿದ್ದ ತಂಗಿ ದಡಕ್ಕನೆ ಎದ್ದಳು. “ಏನಂದೆ?”

“ಪೆಟ್ಟಿಗೇನ ಮಲಗಿಸ್ತೀನಿ. ದಿನಕ್ಕೆ ಎರಡು ಸಲ ಏಳುತ್ತೆ, ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ. ಎದ್ದು, ಜಾಗ ಹೇಳಿ, ಮತ್ತೆ ಮಲಗುತ್ತೆ. ಮಧ್ಯದಲ್ಲಿ ಚುಕ್ಕಿ ಇರಲ್ಲ.”

“ಮಧ್ಯದಲ್ಲಿ ಬೇಕು ಅಂದ್ರೆ ಎಬ್ಬಿಸ್ತೀಯ ತಾನೆ?”

“ಆಗಲ್ಲ. ಮಲಗಿಸೋದಷ್ಟೇ ನನ್ನ ಕೈಲಿರೋದು. ಮಲಗಿದ ಮೇಲೆ ಅದಕ್ಕೆ ಕಿವಿನೇ ಇರಲ್ಲ. ಅದರ ಹೊತ್ತಿಗೆ ಅದೇ ಏಳಬೇಕು.”

“ಏಳದೆ ಹೋದ್ರೆ?”

ಜಿಪುಣಕ್ಕ ಕಿಟಕಿಯಾಚೆ ಕಡಲಿನ ಕಡೆ ನೋಡಿದಳು. ದಡದ ಮೇಲೆ ನಿಂತ ಬೋಟಿನ ಪೆಟ್ಟಿಗೆ ಏಳದಿದ್ದರೆ ಏಣಿ ಹತ್ತಿ ತಟ್ಟಿ ಎಬ್ಬಿಸಿದ್ದಳು. ನಡುಗಡಲಿಗೆ ಏಣಿ ಎಲ್ಲಿಂದ ತರುವುದು?

“ನಾಲ್ಕು ಸಲ ಏಳೋ ಹಾಗೆ ಮಾಡು,” ತಂಗಿ ಅಕ್ಕನ ತೋಳು ಹಿಡಿದಳು. “ಎರಡು ಸಾಲಲ್ಲ ಅಕ್ಕಾ. ಅಷ್ಟು ಹೊತ್ತು ನಾನು ಏನು ನೋಡ್ಕೊಂಡು ಇರಲಿ?”

ಜಿಪುಣಕ್ಕ ಚೀಟಿಯ ಹಿಂದೆ ಲೆಕ್ಕ ಹಾಕಿದಳು. ಪೂರ್ತಿ ಮಲಗಿ ಎದ್ದರೆ ಒಂದೊಂದು ಸಲಕ್ಕೂ ಎರಡೂವರೆ ಹೋಗುತ್ತೆ. ನಾಲ್ಕು ಸಲವಾದರೆ ಶುಕ್ರವಾರ ಸಂಜೆಗೆ ತಳ ಕಾಣುತ್ತೆ. ಹಡಗು ಹತ್ತಿರ ಬಂದು ಹುಡುಕುವಾಗ, ನಿಜವಾಗಿ ಬೇಕಾದಾಗ, ಪೆಟ್ಟಿಗೆಯಲ್ಲಿ ಉಸಿರೇ ಇರಲ್ಲ. ತಂಗಿಯ ಮುಖ ನೋಡಿದಳು. ಬೆರಳು ನಾಲ್ಕರ ಅಂಕಿಯ ತನಕ ಹೋಗಿತ್ತು.

ಎರಡು ಅಂತಲೇ ಒತ್ತಿದಳು.

‘ಆಯಿತು’ ಅಂತ ಉತ್ತರ ಬಂತು. ಅಷ್ಟು ದೂರದ ಅಲೆಯ ಮೇಲಿಂದ, ಕೆಟ್ಟು ನಿಂತ ಬೋಟಿನ ಮಾಡಿನಿಂದ, ಹೇಳಿದ ಮಾತು ಕೇಳುವ ಮಗುವಿನ ಹಾಗೆ. ಪರದೆಯ ಮೇಲೆ ಹಸಿರು ಚುಕ್ಕಿ ಆರಿತು.

“ಫ್ಯಾನ್ ಆರಿಸಿದ್ದಾಯ್ತು, ದೀಪ ಆರಿಸಿದ್ದಾಯ್ತು,” ತಂಗಿ ಗೋಡೆಗೆ ಒರಗಿ ಹೇಳಿದಳು. “ಈಗ ನನ್ನ ಗಂಡನ್ನೂ ಆರಿಸಿಬಿಟ್ಟೆ.”

ಆ ಮಾತು ಮುಳ್ಳಿನ ಹಾಗೆ ನಾಟಿತು. ಜಿಪುಣಕ್ಕ ಅದನ್ನು ಕೀಳಲು ಹೋಗಲಿಲ್ಲ.

ಸಂಜೆ ಐದಕ್ಕೆ ಐದೂ ಮನೆಯವರು ರೂಮಿನಲ್ಲಿ ತುಂಬಿದ್ದರು, ಮೆಟ್ಟಿಲ ಮೇಲೂ ಜನ. ಗಡಿಯಾರ ಐದು ತೋರಿಸಿತು. ಚುಕ್ಕಿ ಇಲ್ಲ. ಐದಾಗಿ ಒಂದು ನಿಮಿಷ. ಇಲ್ಲ. ಎರಡು. ಯಾರೋ ಬಿಕ್ಕಿದರು. ಮಾವನ ಕೈ ತಾನಾಗಿ ‘ಎಲ್ಲಿದ್ದೀಯ’ ಗುಂಡಿಯ ಕಡೆ ಹೋಯಿತು, ಜಿಪುಣಕ್ಕ ಮೆಲ್ಲಗೆ ಆ ಕೈ ಹಿಡಿದುಕೊಂಡಳು. ಮೂರು ನಿಮಿಷ. ತಂಗಿಯ ಉಗುರು ಅವಳ ಭುಜದಲ್ಲಿ ಇಳಿಯುತ್ತಿತ್ತು.

ನಾಲ್ಕು ನಿಮಿಷಕ್ಕೆ ಚುಕ್ಕಿ ಮೂಡಿತು.

ಅದು ಬೆಳಿಗ್ಗೆ ಇದ್ದ ಜಾಗದಲ್ಲಿರಲಿಲ್ಲ, ತೆಂಕಣಕ್ಕೆ ಬೆರಳಗಲ ಸರಿದಿತ್ತು. ಯಾರೂ ಕೂಗಲಿಲ್ಲ, ಕೈ ತಟ್ಟಲಿಲ್ಲ. ದೊಡ್ಡದೇನನ್ನೋ ಕಂಡವರ ಹಾಗೆ ಬಾಯಿ ತೆರೆದು ನಿಂತುಬಿಟ್ಟರು. ಒಂದು ಮುದುಕಿ ಪರದೆಗೆ ಕೈ ಮುಗಿದಳು.

“ತಡ ಯಾಕಮ್ಮಾ?” ಮಾವ ಪಿಸುಗುಟ್ಟಿದರು.

“ಗಾಢ ನಿದ್ದೆಯಿಂದ ಎದ್ದೋರು ತಕ್ಷಣ ಮಾತಾಡ್ತಾರಾ ಮಾವ? ಮೊದಲು ಆಕಾಶದಲ್ಲಿ ಯಾರ‍್ಯಾರಿದ್ದಾರೆ ನೋಡ್ಬೇಕು, ನಾನೆಲ್ಲಿದ್ದೀನಿ ಅಂತ ತಿಳ್ಕೋಬೇಕು. ನಂಗೂ ಆಮೇಲೇ ನೆನಪಾಯ್ತು. ಮೊದಲೇ ನೆನಪಾಗಿದ್ರೆ ಇಷ್ಟು ಸಾಯ್ತಿರಲಿಲ್ಲ.”

ಮರುದಿನದಿಂದ ಅದೊಂದು ಕ್ರಮವೇ ಆಯಿತು. ಬೆಳಿಗ್ಗೆ ಏಳು, ಸಂಜೆ ಐದು. ಉಳಿದ ಹೊತ್ತಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಮಾವ ತಮ್ಮ ಕುರ್ಚಿಯನ್ನು ಗುಂಡಿಯಿಂದ ಮಾರು ದೂರ ಎಳೆದುಕೊಂಡು ಕೂತರು. “ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ,” ಅಂತ ಬಂದವರಿಗೆಲ್ಲ ಹೇಳುವರು. ತಂಗಿ ಬರುವಳು, ಕೂರುವಳು, ಚುಕ್ಕಿ ನೋಡುವಳು, ಅಕ್ಕನ ಜೊತೆ ಮಾತಿಲ್ಲದೆ ಹೋಗುವಳು.

ಶುಕ್ರವಾರ ಸಂಜೆ ಐದು ದಾಟಿ ನಾಲ್ಕು ನಿಮಿಷ. ಚುಕ್ಕಿ ಎದ್ದಿತು. ಬ್ಯಾಟರಿ ಹದಿಮೂರೂವರೆ. ಹಡಗು ಅಲ್ಲೇ ಸುತ್ತಮುತ್ತ ಇತ್ತು, ಆದರೆ ಅಲೆ ಎತ್ತರವಾಗಿ, ಮಂಜು ಕವಿದು, ಬೋಟು ಕಾಣುತ್ತಿರಲಿಲ್ಲ.

ಹತ್ತು ವರ್ಷ ಮುಷ್ಟಿ ಬಿಗಿದವಳು ಅವತ್ತು ಮುಷ್ಟಿ ಬಿಚ್ಚಿದಳು. ‘ಇನ್ನು ಮಲಗಬೇಡ’ ಅಂತ ಆಜ್ಞೆ ಕೊಟ್ಟು, ಅರ್ಧ ನಿಮಿಷಕ್ಕೊಮ್ಮೆ ‘ಎಲ್ಲಿದ್ದೀಯ’ ಅಂತ ಕೇಳತೊಡಗಿದಳು. ಉತ್ತರ ಬಂದಂತೆಲ್ಲ ಮಾವ ಹಡಗಿನವರಿಗೆ ಜೋರಾಗಿ ಓದಿ ಹೇಳಿದರು. ಹನ್ನೊಂದು. ಒಂಬತ್ತು. ಐದು. “ಕೇಳು, ಕೇಳು, ಖರ್ಚಾಗಲಿ ಬಿಡು!” ಅಂತ ಆಕೆಯೇ ತನಗೆ ಹೇಳಿಕೊಳ್ಳುತ್ತಿದ್ದಳು. ಎರಡಕ್ಕೆ ಇಳಿಯಿತು. ಚುಕ್ಕಿ ಒಮ್ಮೆ ಮಿನುಗಿ ಆರಿತು.

ಆಮೇಲೆ ವೈರ್‌ಲೆಸ್ಸಿನಲ್ಲಿ ಗರಗರ ದನಿ: “ಬೋಟು ಕಾಣಿಸ್ತು. ತಲೆ ಎಣಿಸ್ತಿದ್ದೀವಿ... ಐದು. ಐದೂ ಅಲುಗಾಡ್ತಿವೆ.”

ಗದ್ದಲ ಅಡಗಿ, ಅತ್ತವರೆಲ್ಲ ಅತ್ತು ಮುಗಿಸಿ, ಸುಮಾರು ಹೊತ್ತಿನ ಮೇಲೆ ಹಡಗಿನ ವೈರ್‌ಲೆಸ್ಸಿಗೆ ತಂಗಿಯ ಗಂಡ ಬಂದ. ದನಿ ಒಣಗಿದ ಎಲೆಯ ಹಾಗಿತ್ತು.

“ಅಕ್ಕಾ, ಮಂಗಳವಾರ ಪೆಟ್ಟಿಗೆ ದೀಪ ನಿಂತು ಹೋಯ್ತು. ಸತ್ತೇ ಹೋಯ್ತು ಅಂತ ಅಂದ್ಕೊಂಡ್ವಿ. ಸಂಜೆ ನೋಡಿದ್ರೆ ಮತ್ತೆ ಮಿನುಗ್ತಿದೆ! ಆವಾಗ ನಾನು ಎಲ್ಲರಿಗೂ ಹೇಳ್ದೆ, ಸತ್ತಿಲ್ಲ ಕಣ್ರೋ, ಅಲ್ಲಿ ಜಿಪುಣಕ್ಕ ಬಂದು ಕೂತಿದ್ದಾಳೆ ಅಂತ.”

ರೂಮಿನಲ್ಲಿ ನಗು ಎದ್ದಿತು.

“ಕುಡಿಯೋ ನೀರು ಒಂದೇ ಕ್ಯಾನಿತ್ತು. ಹೊತ್ತಲ್ಲದ ಹೊತ್ತಲ್ಲಿ ಕುಡೀತಾ ಜಗಳ ಶುರುವಾಗಿತ್ತು, ಕೈ ಕೈ ಮಿಲಾಯಿಸೋ ತನಕ. ಆಮೇಲೆ ಒಂದು ಮಾತು ಮಾಡ್ಕೊಂಡ್ವಿ. ಪೆಟ್ಟಿಗೆ ದೀಪ ಮಿನುಗಿದಾಗ ತಲೆಗೊಂದು ಗುಟುಕು, ಮಧ್ಯದಲ್ಲಿ ಯಾರೂ ಕ್ಯಾನ್ ಮುಟ್ಟಬಾರದು. ದೀಪ ಹೇಳಿದ್ರೆ ಯಾರೂ ತಕರಾರು ಮಾಡ್ಲಿಲ್ಲ ಅಕ್ಕ. ಕೊನೇ ಗುಟುಕು ಇವತ್ತು ಬೆಳಿಗ್ಗೆ ಆಯ್ತು.”

ತಾನು ಉಳಿಸಿದ್ದು ಬ್ಯಾಟರಿ ಅಂತ ಜಿಪುಣಕ್ಕ ಅಂದುಕೊಂಡಿದ್ದಳು. ಈ ಕಡೆ ರೂಮು ತುಂಬ ಜನ, ಆ ಕಡೆ ನೀರಿನ ನಡುವೆ ಐದು ಜನ, ದಿನಕ್ಕೆರಡು ಸಲ ಒಂದೇ ದೀಪಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದರು, ಒಬ್ಬರು ಕಾಯುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ. ನಾಲ್ಕು ಅಂತ ಒತ್ತಿದ್ದರೆ ಕ್ಯಾನು ಗುರುವಾರಕ್ಕೇ ಬರಿದಾಗುತ್ತಿತ್ತು. ಅಂಥ ಲೆಕ್ಕ ಆ ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಆಕೆ ತನ್ನ ಬೆರಳನ್ನೇ ಎತ್ತಿ ಹಿಡಿದು, ಬೇರೆ ಯಾರದ್ದೋ ಅನ್ನುವ ಹಾಗೆ ನೋಡಿದಳು.

ತಂಗಿ ಹಿಂದಿನಿಂದ ಬಂದು ಅವಳ ಭುಜಕ್ಕೆ ಮುಖ ಒತ್ತಿದಳು. ಮೂರು ದಿನದಲ್ಲಿ ಅಕ್ಕನಿಗೆ ಆಡಿದ ಮೊದಲ ಮಾತು ಕಿವಿಯಲ್ಲಿ ಬಂತು:

“ನಾಲ್ಕು ಸಲ ಅಂತ ನಾನು ಹಟ ಹಿಡಿದಿದ್ದು ಅವರಿಗೆ ಹೇಳ್ಬೇಡ ಕಣೇ ಅಕ್ಕಾ.”