ಬೆಸ ರೀಲು ಅಣ್ಣನಿಗೆ, ಸಮ ರೀಲು ತಮ್ಮನಿಗೆ

1974. ಬಳ್ಳಾರಿಯ ಮುನ್ಸಿಫ್ ನ್ಯಾಯಾಲಯದಲ್ಲಿ ನಾನು ಎರಡು ವರ್ಷದ ವಕೀಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ಸಿರುಗುಪ್ಪದ ಷಣ್ಮುಖ, ಕುರುಗೋಡಿನ ಗಣೇಶ ಅಣ್ಣತಮ್ಮಂದಿರು. ಟೂರಿಂಗ್ ಟಾಕೀಸ್ ನಡೆಸಿದ್ದ ತಂದೆಯ ಆಸ್ತಿಗಾಗಿ ಪಾಲು ದಾವೆ. ನಾನು ತಮ್ಮನ ಪರ.

ಡೇರೆ, ಪ್ರೊಜೆಕ್ಟರ್, ಬೆಂಚು ಎಲ್ಲ ಹಂಚಿಕೆಯಾದವು. ಉಳಿದದ್ದು, ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ತಯಾರಾದ ಒಂದು ತಮಿಳು ಚಿತ್ರದ ಹನ್ನೆರಡು ರೀಲು. ತಮಿಳು ತಿಳಿಯದಿದ್ದರೂ ಹತ್ತಿರದ ಮೋಕಾ ಊರಿನವರು ಗಾಡಿ ಕಟ್ಟಿಕೊಂಡು ಬಂದು ಅದರ ಹಾಡು ಕೇಳಿ ಹೋಗುತ್ತಿದ್ದರಂತೆ. ಅಂಥ ಚಿತ್ರಗಳ ಫಿಲ್ಮನ್ನು ಅದರ ಲೇಪದಲ್ಲಿರುವ ಬೆಳ್ಳಿಗಾಗಿ ತೊಳೆದು ಹಾಳು ಮಾಡಿದ್ದೇ ಹೆಚ್ಚು. ಇದರ ಬೇರೆ ಪ್ರತಿ ಎಲ್ಲೂ ಇಲ್ಲ ಎನ್ನುತ್ತಿದ್ದರು ತಾಯಿ ಕಾಮಾಕ್ಷಮ್ಮ. ಅವರ ಅಕ್ಕ ಅದರಲ್ಲಿ ಸಣ್ಣ ಪಾತ್ರ ಮಾಡಿ, ಮರುವರ್ಷವೇ ತೀರಿಕೊಂಡಿದ್ದರು.

ರಾಜಿಗೆ ಕುಳಿತಾಗ ಷಣ್ಮುಖ, "ಅವ್ವನ ಹತ್ರ ಇರ್ಲಿ ಬಿಡ್ರಿ" ಎಂದ.

"ಅವ್ವ ಇರೋದು ನಿನ್ನ ಮನ್ಯಾಗಲ್ಲೇನು? ಬಾಳ ಶಾಣ್ಯಾ ಅದೀ!" ಎಂದ ಗಣೇಶ.

ನಾನು ಬಾಯಿ ಹಾಕಿದೆ. ಬೇರೆ ಪ್ರತಿ ಇಲ್ಲವೆನ್ನಲು ರುಜುವಾತೇನು? ಬೆಸ ಸಂಖ್ಯೆಯ ರೀಲು ಅಣ್ಣನಿಗೆ, ಸಮ ಸಂಖ್ಯೆಯದು ತಮ್ಮನಿಗೆ ಇರಲಿ. ಇಬ್ಬರೂ ಕೂಡಿದರೆ ಮಾತ್ರ ಚಿತ್ರ, ಯಾರೂ ಮೋಸ ಮಾಡಲಾರರು. ಹಾಗೆಯೇ ಡಿಕ್ರಿಯಾಯಿತು.

ಹೊರಗೆ ಕಾಮಾಕ್ಷಮ್ಮ ತಡೆದರು. "ಅಕ್ಕಂದು ಒಂದು ಫೋಟೋ ಸೈತ ಇಲ್ಲಪಾ. ಇವ್ರು ಕೂಡ್ತಾರಂತೀಯೇನು?"

"ಕೂಡ್ಲೇಬೇಕಲ್ರೀ ಅಮ್ಮಾ," ಎಂದೆ.

ಮೂರು ವರ್ಷ ಕೂಡಲಿಲ್ಲ. ತಾಯಿಯ ಕಣ್ಣು ಮಂಜಾಗತೊಡಗಿದಾಗ ಷಣ್ಮುಖನೇ ಹೋಗಿ ತಮ್ಮನನ್ನು ಬೇಡಿಕೊಂಡ. ಗಣೇಶ ಡಬ್ಬಿಗಳನ್ನು ಸಿರುಗುಪ್ಪಕ್ಕೆ ತಂದ, ನನ್ನನ್ನೂ ಕರೆದರು. ಆ ಕಾಲದ ನೈಟ್ರೇಟ್ ಫಿಲ್ಮ್ ಸೆಕೆಗೆ ಕೊಳೆಯುತ್ತದೆ. ಕುರುಗೋಡಿನ ತಗಡಿನ ಕೋಣೆಯಲ್ಲಿದ್ದ ಆರೂ ರೀಲು ಬೆಲ್ಲದ ಪಾಕದಂತೆ ಅಂಟಿ ಮುದ್ದೆಯಾಗಿದ್ದವು.

ಅಣ್ಣನ ಆರನ್ನೇ ಓಡಿಸಿದರು. ಐದನೆಯ ರೀಲಿನ ಕೊನೆಗೆ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು, ಮಾತಾಡಲು ಬಾಯಿ ತೆರೆದಳು. ಪರದೆ ಬೆಳ್ಳಗಾಯಿತು.

"ಮುಂದಿಂದು ಹಚ್ಚೋ," ಎಂದರು ಕಾಮಾಕ್ಷಮ್ಮ.

ಗಣೇಶ ಆರನೆಯ ಡಬ್ಬಿ ತಂದು ಅವರ ಕೈಗಿಟ್ಟ.

"ಅಕ್ಕನ ದನಿ ಹೆಂಗಿತ್ತಂಬೋದ ಮರ್ತು ಹೋಗೇತಪಾ. ಅದಕ್ಕ ಕೇಳ್ದೆ."

ತಪ್ಪು ಅಣ್ಣತಮ್ಮಂದಿರ ಹಟದ್ದು ಎಂದು ಈಗಲೂ ವಾದಿಸಬಲ್ಲೆ, ಗೆಲ್ಲಲೂಬಹುದು. ಆದರೆ ಆ ಹಟ ನನ್ನ ಕಣ್ಣೆದುರೇ ಇತ್ತು, ಗೊತ್ತಿದ್ದೂ ಹಂಚಿದೆ. ವೃತ್ತಿ ಕಲಿಸಿದ್ದಿಷ್ಟು: ಮತ್ತೆ ಸಿಗದ ವಸ್ತುವನ್ನು ಒಡೆಯಲು ಹೊರಟಾಗ, ರುಜುವಾತಿನ ಹೊರೆ ಒಡೆಯುವವನದು. ನಾನು ಅದನ್ನು ಆ ತಾಯಿಯ ಮೇಲೆ ಹೊರಿಸಿದ್ದೆ.